ಬಿಳಿ ಇಲಿಗಳು ಕಲಿಸಿದ ಪಾಠ: ಈಸ್ಟ್ರೋಜನ್ ತಡೆಯುವ ಔಷಧಗಳು

ಕೃಷಿ ಮತ್ತು ಆರೋಗ್ಯ



ಈ ಪುಟದಲ್ಲಿ ಸಾಮಾನ್ಯವಾಗಿ ತೆಂಗಿನ ನುಸಿ, ಹಸುವಿನ ಕೆಚ್ಚಲು ಬಾವು, ಸಕ್ಕರೆ ಕಾಯಿಲೆ ಮೊದಲಾದ ವಿಷಯಗಳನ್ನು ಓದುತ್ತೀರಿ. ಈ ಸಲ ಪ್ರಯೋಗಾಲಯದ ಇಲಿಗಳ ಬಗ್ಗೆ ಬರೆಯುತ್ತಿದ್ದೇನೆ. ಸ್ವಾಮಿಗಳಿಗೆ ಇಲಿಗಳ ಗೊಡವೆ ಯಾಕೆ ಎಂದು ನಗಬೇಡಿ. ಇದಕ್ಕೆ ಒಂದು ಕಾರಣವಿದೆ.

ಕೆಲವು ಕಾಲದ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ಕಾದು ನಿಂತಿದ್ದರು. ಅವರಿಗೆ ಸ್ತನದ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆ ನಡೆದಿತ್ತು. ದಿನಕ್ಕೊಂದರಂತೆ ಐದು ವರ್ಷ ನುಂಗಬೇಕೆಂದು ಡಾಕ್ಟರು ಟಮಾಕ್ಸಿಫೆನ್ ಎಂಬ ಮಾತ್ರೆ ಬರೆದುಕೊಟ್ಟಿದ್ದರು. ಆ ಮಾತ್ರೆಯ ಪಟ್ಟಿಗಳು ಮೂರು ತಿಂಗಳಿನಿಂದ ಅವರ ಮನೆಯ ಅಕ್ಕಿ ಡಬ್ಬದಲ್ಲಿ ಹಾಗೇ ಬಿದ್ದಿದ್ದವು.

“ಸ್ವಾಮಿ, ಇದು ಪಾಪದ ಮಾತ್ರೆಯಂತೆ, ನಿಜವಾ?” ಎಂದು ಕೇಳಿದರು.

“ಯಾರಮ್ಮಾ ಹಾಗಂದವರು?”

“ಮಗಳ ಕಾಲೇಜು ಪುಸ್ತಕದಲ್ಲೇ ಇದೆ ಸ್ವಾಮಿ. ಹೆಣ್ಣು ಇಲಿಗಳಿಗೆ ಕೊಟ್ಟರೆ ಬಸುರಾಗೋದಿಲ್ಲವಂತೆ. ಪ್ರಾರ್ಥನಾ ಕೂಟದಲ್ಲೂ ಒಬ್ಬರು, ಇದು ಕುಟುಂಬ ಯೋಜನೆ ಮಾತ್ರೆ ಅಂದರು. ಇದನ್ನ ನುಂಗಿ ನಾನು ಪರಮಪ್ರಸಾದಕ್ಕೆ ಬರೋದು ಹೇಗೆ?”

ನಾನು ಗುರುಮಠದಲ್ಲಿ ನೀತಿಶಾಸ್ತ್ರ ಓದಿದ್ದೆನೇ ಹೊರತು ಇಲಿಗಳ ವಿಷಯ ಓದಿರಲಿಲ್ಲ. “ವಿಚಾರಿಸಿ ಮುಂದಿನ ಭಾನುವಾರ ಹೇಳುತ್ತೇನೆ” ಎಂದೆ. ಅದು ನನ್ನ ತಪ್ಪು. ಮೊದಲು ಡಾಕ್ಟರ ಬಳಿಗೆ ಹೋಗಿ, ಮಾತ್ರೆ ನಿಲ್ಲಿಸಿರುವುದನ್ನು ಇವತ್ತೇ ತಿಳಿಸಿ ಎಂದು ಹೇಳಬೇಕಾಗಿತ್ತು. ನನ್ನ ಅಜ್ಞಾನದಿಂದ ಅವರಿಗೆ ಇನ್ನೂ ಒಂದು ವಾರ ನಷ್ಟವಾಯಿತು. ಆ ವಾರದಲ್ಲಿ ತಿಳಿದವರನ್ನು ಕೇಳಿ, ಪುಸ್ತಕಗಳನ್ನು ಓದಿ ಕಲಿತದ್ದನ್ನು ಇಲ್ಲಿ ಪಾಠದ ರೂಪದಲ್ಲಿ ಕೊಡುತ್ತಿದ್ದೇನೆ. ಇಂಥ ಸಂಶಯದಿಂದ ಮಾತ್ರೆ ಬಚ್ಚಿಟ್ಟವರು ಬೇರೆ ಮನೆಗಳಲ್ಲೂ ಇರಬಹುದು.

1. ಬೆದೆಯ ಚಕ್ರ

ದನ ಸಾಕುವವರಿಗೆ ಈ ವಿಷಯ ಹೊಸದಲ್ಲ. ಹಸು 21 ದಿನಕ್ಕೊಮ್ಮೆ, ಕುರಿ ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಹಸು ಕೂಗುತ್ತದೆ, ಮೇವು ಬಿಡುತ್ತದೆ, ಹಿಂದಿನಿಂದ ಗಾಜಿನ ಎಳೆಯಂಥ ತಿಳಿ ಲೋಳೆ ಇಳಿಯುತ್ತದೆ. ಆ ಹೊತ್ತು ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಬೆದೆಗೆ ವಿಜ್ಞಾನಿಗಳು ‘ಈಸ್ಟ್ರಸ್’ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ, ದನಗಳನ್ನು ಕಚ್ಚಿ ನಿಂತಲ್ಲಿ ನಿಲ್ಲಗೊಡದ ಒಂದು ಜಾತಿಯ ನೊಣ ಎಂಬ ಅರ್ಥ. ಬೆದೆಗೆ ಬಂದ ಹಸುವಿನ ಚಡಪಡಿಕೆ ನೋಡಿದವರಿಗೆ ಈ ಹೆಸರಿನ ಹೊಂದಿಕೆ ತಾನೇ ತಿಳಿಯುತ್ತದೆ.

ಈ ಚಕ್ರವನ್ನು ತಿರುಗಿಸುವ ಮುಖ್ಯ ರಸ ಈಸ್ಟ್ರೋಜನ್. ಇದು ಅಂಡಾಶಯದಲ್ಲಿ ಹುಟ್ಟಿ ರಕ್ತದೊಡನೆ ಹರಿದು ಗರ್ಭಕೋಶ, ಸ್ತನ, ಮೂಳೆ, ಮಿದುಳು ಇಲ್ಲೆಲ್ಲ ಕೆಲಸ ಮಾಡುತ್ತದೆ. ಅಂಡಾಣು ಬಲಿಯುವಾಗ ಈಸ್ಟ್ರೋಜನ್ ಏರುತ್ತದೆ. ಅಂಡಾಣು ಬಿಡುಗಡೆಯಾದ ಜಾಗದಲ್ಲಿ ಹಳದಿ ಬಣ್ಣದ ಒಂದು ಗಂಟು ಬೆಳೆಯುತ್ತದೆ. ಅದಕ್ಕೆ ಪೀತಪಿಂಡ ಎಂದು ಹೆಸರು. ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ಎಂಬ ಇನ್ನೊಂದು ರಸ ಅದರಿಂದ ಬರುತ್ತದೆ.

ಇಲಿಗೆ ಈ ಇಡೀ ಚಕ್ರ ನಾಲ್ಕೈದು ದಿನಗಳಲ್ಲಿ ಮುಗಿಯುತ್ತದೆ. ಹಸುವಿನಲ್ಲಿ ಮೂರು ವಾರ, ಹೆಂಗಸಿನಲ್ಲಿ ಒಂದು ತಿಂಗಳು ಕಾದು ನೋಡಬೇಕಾದದ್ದನ್ನು ಇಲಿಯಲ್ಲಿ ಒಂದು ವಾರದೊಳಗೆ ನೋಡಬಹುದು. ಆದ್ದರಿಂದಲೇ ವಿಜ್ಞಾನಿಗಳು ಇಲಿಯನ್ನು ಆರಿಸಿಕೊಂಡರು.

2. ಗಾಜಿನ ಮೇಲೆ ಒಂದು ತೊಟ್ಟು

ಇಲಿ ಹಸುವಿನಂತೆ ಕೂಗಿ ಹೇಳುವುದಿಲ್ಲ. ಹಾಗಾದರೆ ಅದು ಬೆದೆಯಲ್ಲಿದೆ ಎಂದು ತಿಳಿಯುವುದು ಹೇಗೆ? 1917ರಲ್ಲಿ ನ್ಯೂಯಾರ್ಕಿನಲ್ಲಿ ಸ್ಟಾಕರ್ಡ್ ಮತ್ತು ಪಪಾನಿಕೊಲಾವು ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೆ ದಾರಿ ಕಂಡರು. ಗಿನಿಯಿಲಿಯ ಯೋನಿಯಿಂದ ದಿನಾ ಸ್ವಲ್ಪ ದ್ರವ ತೆಗೆದು, ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ದಿನ ಬದಲಾದಂತೆ ಅಲ್ಲಿಯ ಜೀವಕೋಶಗಳ ರೂಪವೂ ಬದಲಾಗುತ್ತಿತ್ತು. 1922ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಮತ್ತು ಇವಾನ್ಸ್ ಇದೇ ರೀತಿಯಲ್ಲಿ ಇಲಿಯ ಚಕ್ರವನ್ನು ಪೂರ್ತಿಯಾಗಿ ವಿವರಿಸಿದರು.

ಇಲಿಯ ಚಕ್ರದಲ್ಲಿ ನಾಲ್ಕು ಹಂತಗಳಿವೆ.

(ಅ) ಬೆದೆಗೆ ಮುಂಚೆ: ನಡುವೆ ಬೀಜಕಣವಿರುವ ದುಂಡನೆಯ ಜೀವಕೋಶಗಳು ಕಾಣುತ್ತವೆ. ಈಸ್ಟ್ರೋಜನ್ ಏರುವ ಕಾಲವಿದು.

(ಆ) ಬೆದೆ: ಬೀಜಕಣವಿಲ್ಲದೆ ಒಣಗಿದ ಸಿಪ್ಪೆಯಂತಾದ ಜೀವಕೋಶಗಳು ಗುಂಪುಗುಂಪಾಗಿ ತುಂಬಿರುತ್ತವೆ. ಅಂಡಾಣು ಬಿಡುಗಡೆಯಾಗುವುದು ಈ ಹಂತದಲ್ಲಿ.

(ಇ) ಬೆದೆಯ ನಂತರ: ಸಿಪ್ಪೆಯಂಥ ಕೋಶಗಳೊಡನೆ ಬಿಳಿ ರಕ್ತಕಣಗಳೂ ಬೆರೆಯುತ್ತವೆ.

(ಈ) ವಿರಾಮ: ಬಿಳಿ ರಕ್ತಕಣಗಳೇ ಹೆಚ್ಚು. ಇದು ಚಕ್ರದ ಉದ್ದವಾದ ಹಂತ.

ಪಪಾನಿಕೊಲಾವು ಅವರು ಗಿನಿಯಿಲಿಯಲ್ಲಿ ಕಲಿತದ್ದನ್ನು ಮುಂದೆ ಹೆಂಗಸರಲ್ಲಿ ಪ್ರಯೋಗಿಸಿ ನೋಡಿದರು. ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ಮೊದಲ ಹಂತದಲ್ಲೇ ಹಿಡಿಯುವ ‘ಪ್ಯಾಪ್’ ಪರೀಕ್ಷೆ ಹೀಗೆ ಹುಟ್ಟಿತು. ಅದರ ಮುಖ್ಯ ಗ್ರಂಥ ಪ್ರಕಟವಾದದ್ದು 1943ರಲ್ಲಿ. ಇಂದಿಗೂ ಆ ಪರೀಕ್ಷೆಗೆ ಅವರ ಹೆಸರಿದೆ. ಗಿನಿಯಿಲಿಯ ಒಂದು ತೊಟ್ಟು ದ್ರವದಿಂದ ಎಷ್ಟು ತಾಯಂದಿರ ಜೀವ ಉಳಿಯಿತೆಂದು ಯೋಚಿಸಿ.

3. ಬೀಗ ಮತ್ತು ಬೀಗದ ಕೈ

ಈಸ್ಟ್ರೋಜನ್ ರಕ್ತದಲ್ಲಿ ಎಲ್ಲ ಕಡೆಗೂ ಹೋಗುತ್ತದೆ. ಆದರೆ ಕೆಲವು ಅಂಗಗಳಲ್ಲಿ ಮಾತ್ರ ಕೆಲಸ ಮಾಡುವುದು ಯಾಕೆ? ಅಮೆರಿಕದ ಷಿಕಾಗೋದಲ್ಲಿ ಎಲ್ವುಡ್ ಜೆನ್ಸನ್ ಎಂಬವರು ಹೆಣ್ಣು ಇಲಿಗಳಿಗೆ ವಿಕಿರಣದ ಗುರುತು ಹಾಕಿದ ಈಸ್ಟ್ರೋಜನ್ ಕೊಟ್ಟು, ಅದು ಎಲ್ಲಿ ಉಳಿಯುತ್ತದೆಂದು ಹುಡುಕಿದರು. ಅದು ಗರ್ಭಕೋಶದಂಥ ಅಂಗಗಳಲ್ಲಿ ಗಟ್ಟಿಯಾಗಿ ನಿಂತಿತ್ತು. ಅಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವ ಒಂದು ವಸ್ತುವಿತ್ತು. ಇದನ್ನು ಈಸ್ಟ್ರೋಜನ್ ಗ್ರಾಹಕ ಎನ್ನುತ್ತಾರೆ.

ಗ್ರಾಹಕವನ್ನು ಬೀಗವೆಂದೂ ಈಸ್ಟ್ರೋಜನ್ನನ್ನು ಬೀಗದ ಕೈ ಎಂದೂ ತಿಳಿಯಿರಿ. ಕೈ ಹಾಕಿ ತಿರುಗಿಸಿದರೆ ಬಾಗಿಲು ತೆರೆದು ಒಳಗೆ ಕೆಲಸ ಶುರುವಾಗುತ್ತದೆ. ಯಾರೋ ಒಂದು ಸುಳ್ಳು ಕೈಯನ್ನು ಬೀಗದೊಳಗೆ ತೂರಿಸಿಬಿಟ್ಟರೆ ಏನಾಗುತ್ತದೆ? ಅದು ತಿರುಗುವುದಿಲ್ಲ, ನಿಜವಾದ ಕೈಗೂ ಜಾಗ ಬಿಡುವುದಿಲ್ಲ. ಈಸ್ಟ್ರೋಜನ್ ತಡೆಯುವ ಔಷಧಗಳು ಇಂಥ ಸುಳ್ಳು ಕೈಗಳು.

ಆದರೆ ಇಲ್ಲಿ ಒಂದು ತೊಡಕಿದೆ. ಕೆಲವು ಸುಳ್ಳು ಕೈಗಳು ಒಂದು ಬಾಗಿಲಲ್ಲಿ ಸಿಕ್ಕಿಕೊಂಡರೂ ಇನ್ನೊಂದು ಬಾಗಿಲಲ್ಲಿ ಸ್ವಲ್ಪ ತಿರುಗುತ್ತವೆ. ಟಮಾಕ್ಸಿಫೆನ್ ಅಂಥದ್ದು. ಸ್ತನದಲ್ಲಿ ಅದು ಈಸ್ಟ್ರೋಜನ್ನನ್ನು ತಡೆಯುತ್ತದೆ. ಗರ್ಭಕೋಶದಲ್ಲಿ ಸ್ವಲ್ಪ ಮಟ್ಟಿಗೆ ಈಸ್ಟ್ರೋಜನ್ನಂತೆಯೇ ನಡೆದುಕೊಳ್ಳುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

4. ಪರೀಕ್ಷೆ ನಡೆಸುವ ಬಗೆ

ಒಂದು ವಸ್ತು ಈಸ್ಟ್ರೋಜನ್ನನ್ನು ತಡೆಯುತ್ತದೋ ಇಲ್ಲವೋ ಎಂದು ಹೀಗೆ ನೋಡುತ್ತಾರೆ. ಮೊದಲು ಎರಡು ಮೂರು ಚಕ್ರಗಳವರೆಗೆ ದಿನಾ ಒಂದೇ ಹೊತ್ತಿಗೆ ಗಾಜಿನ ಪರೀಕ್ಷೆ ಮಾಡಿ, ಚಕ್ರ ಸರಿಯಾಗಿರುವ ಇಲಿಗಳನ್ನು ಮಾತ್ರ ಆರಿಸುತ್ತಾರೆ. ಅವುಗಳನ್ನು ಗುಂಪು ಮಾಡಿ ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಔಷಧವನ್ನು ಕಲಸಿದ ಎಣ್ಣೆ ಅಥವಾ ನೀರು ಮಾತ್ರ ಕೊಡುತ್ತಾರೆ. ಎರಡನೆಯ ಗುಂಪು ಇಲ್ಲದಿದ್ದರೆ ಪರೀಕ್ಷೆಗೆ ಬೆಲೆಯಿಲ್ಲ. ಹಿಡಿದು ಚುಚ್ಚಿದ ಹೆದರಿಕೆಯಿಂದಲೇ ಇಲಿಯ ಚಕ್ರ ಕೆಡಬಹುದಲ್ಲವೇ?

ಟಮಾಕ್ಸಿಫೆನ್ನಿನಂಥ ಔಷಧವನ್ನು ಇಲಿಗೆ ದಿನಾ ಕೊಡುತ್ತ ಹೋದರೆ ಗಾಜಿನ ಮೇಲೆ ಬಿಳಿ ರಕ್ತಕಣಗಳೇ ಕಾಣುತ್ತ ಹೋಗುತ್ತವೆ. ಚಕ್ರ ವಿರಾಮದಲ್ಲೇ ನಿಂತುಬಿಡುತ್ತದೆ. ಅಂಡಾಶಯವನ್ನು ನೋಡಿದರೆ ಹೊಸ ಪೀತಪಿಂಡ ಇರುವುದಿಲ್ಲ, ಅಂದರೆ ಅಂಡಾಣು ಬಿಡುಗಡೆಯಾಗಿಲ್ಲ. ಇದಕ್ಕೆ ಕಾರಣವಿದೆ. ಬೆದೆಯ ಹಿಂದಿನ ದಿನ ಈಸ್ಟ್ರೋಜನ್ ಏರಿ ಮಿದುಳಿಗೆ ಸುದ್ದಿ ಮುಟ್ಟಿಸಬೇಕು. ಆಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅಂಡಾಣು ಬಿಡುಗಡೆಗೆ ಅಪ್ಪಣೆ ಕೊಡುತ್ತದೆ. ಸುಳ್ಳು ಕೈ ಆ ಸುದ್ದಿಯನ್ನು ತಡೆಯುತ್ತದೆ.

ಇನ್ನೊಂದು ಪರೀಕ್ಷೆ ತೂಕದ್ದು. ಇನ್ನೂ ಪ್ರಾಯಕ್ಕೆ ಬಾರದ ಮರಿಗೆ ಈಸ್ಟ್ರೋಜನ್ ಕೊಟ್ಟರೆ ಗರ್ಭಕೋಶ ಕೆಲವೇ ದಿನಗಳಲ್ಲಿ ದಪ್ಪವಾಗುತ್ತದೆ. ಈಸ್ಟ್ರೋಜನ್ನೊಡನೆ ಪರೀಕ್ಷೆಯ ವಸ್ತುವನ್ನೂ ಕೊಟ್ಟಾಗ ಆ ತೂಕ ಅಷ್ಟು ಏರದಿದ್ದರೆ ಅದು ತಡೆಯುವ ವಸ್ತು. ವಸ್ತುವನ್ನೊಂದೇ ಕೊಟ್ಟಾಗಲೂ ತೂಕ ಏರಿದರೆ ಅದರಲ್ಲಿ ಈಸ್ಟ್ರೋಜನ್ನಿನ ಗುಣವೂ ಇದೆ ಎಂದರ್ಥ.

5. ಲಖನೌದ ಗುಳಿಗೆ

ಈ ಸಂಶೋಧನೆಯಲ್ಲಿ ನಮ್ಮ ದೇಶದ ಪಾಲು ದೊಡ್ಡದು. 1951ರಲ್ಲಿ ಲಖನೌದ ಛತ್ತರ್ ಮಂಜಿಲ್ ಅರಮನೆಯಲ್ಲಿ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಆರಂಭವಾಯಿತು. ಅಲ್ಲಿ ನಿತ್ಯಾನಂದ್ ಮತ್ತು ಅವರ ಸಂಗಡಿಗರು ಸೆಂಟ್‌ಕ್ರೋಮನ್ ಎಂಬ ವಸ್ತುವನ್ನು ತಯಾರಿಸಿದರು. ಇದರ ಇನ್ನೊಂದು ಹೆಸರು ಆರ್ಮೆಲಾಕ್ಸಿಫೀನ್. ಇದೂ ಒಂದು ಸುಳ್ಳು ಕೈಯೇ.

ಆದರೆ ಇದರ ಕೆಲಸದ ರೀತಿ ಬೇರೆ. ಇಲಿಯಲ್ಲಿ ಗರ್ಭ ಕಟ್ಟಿದ ಮೇಲೆ ಭ್ರೂಣ ನಾಳದಲ್ಲಿ ಇಳಿದು ಬಂದು, ಐದನೆಯ ದಿನದ ಹೊತ್ತಿಗೆ ಗರ್ಭಕೋಶದ ಗೋಡೆಗೆ ಅಂಟುತ್ತದೆ. ಅದಕ್ಕೆ ಮುಂಚೆ ನಾಲ್ಕನೆಯ ದಿನ ಸ್ವಲ್ಪ ಈಸ್ಟ್ರೋಜನ್ ಏರಲೇಬೇಕು. ಇಲ್ಲದಿದ್ದರೆ ಗೋಡೆ ಸಿದ್ಧವಾಗುವುದಿಲ್ಲ. ಸೆಂಟ್‌ಕ್ರೋಮನ್ ಆ ಏರಿಕೆಯ ಪರಿಣಾಮವನ್ನು ತಡೆಯುವುದರಿಂದ ಭ್ರೂಣ ಅಂಟುವುದಿಲ್ಲ. ಅಂಡಾಣುವಿನ ಬಿಡುಗಡೆಯನ್ನು ಇದು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ.

1991ರಲ್ಲಿ ಇದು ‘ಸಹೇಲಿ’ ಎಂಬ ಹೆಸರಿನಲ್ಲಿ ಸಂತಾನ ನಿಯಂತ್ರಣದ ಗುಳಿಗೆಯಾಗಿ ಪೇಟೆಗೆ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಇದನ್ನು ‘ಛಾಯಾ’ ಎಂಬ ಹೆಸರಿನಲ್ಲಿ ತನ್ನ ಕುಟುಂಬ ಯೋಜನೆಗೂ ಸೇರಿಸಿತು. ಈ ಬಳಕೆಯನ್ನು ಧರ್ಮಸಭೆ ಒಪ್ಪುವುದಿಲ್ಲ. ಭ್ರೂಣ ಗರ್ಭಕೋಶಕ್ಕೆ ಅಂಟದಂತೆ ಮಾಡುವುದಾದರೆ, ಆಗಲೇ ಆರಂಭವಾದ ಜೀವದ ಪ್ರಶ್ನೆಯೂ ಅಲ್ಲಿದೆ. ಆದರೆ ಇದೇ ಗುಳಿಗೆಯನ್ನು ಸ್ತ್ರೀರೋಗ ತಜ್ಞರು ವಿಪರೀತ ಮುಟ್ಟಿನ ರಕ್ತಸ್ರಾವಕ್ಕೂ ಕೊಡುತ್ತಾರೆ. ರಕ್ತ ಕಳೆದುಕೊಂಡು ನಿಲ್ಲಲಾರದ ಹೆಂಗಸಿಗೆ ಗರ್ಭಕೋಶ ತೆಗೆಸದೆ ಗುಣವಾಗಲು ಇದೊಂದು ದಾರಿ. ಆದ್ದರಿಂದ ನಾವು ಮಾತ್ರೆಯ ಹೆಸರೊಂದನ್ನೇ ನೋಡಿ ತೀರ್ಪು ಕೊಡಬಾರದು. ಯಾವ ಕಾಯಿಲೆಗೆ, ಯಾವ ಉದ್ದೇಶಕ್ಕೆ ಕೊಟ್ಟಿದ್ದಾರೆ ಎಂದು ಕೇಳಬೇಕು.

6. ಇಲಿಯಲ್ಲಿ ಒಂದು, ಹೆಂಗಸಿನಲ್ಲಿ ಇನ್ನೊಂದು

ಈಗ ಆ ತಾಯಿಯ ಮಾತ್ರೆಗೆ ಬರೋಣ. ಮಗಳ ಪುಸ್ತಕದಲ್ಲಿದ್ದದ್ದು ಸುಳ್ಳಲ್ಲ. 1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಟಮಾಕ್ಸಿಫೆನ್ ತಯಾರಿಸಿದರು. ಅಲ್ಲಿಯ ತಂಡ ಗರ್ಭ ತಡೆಯುವ ಗುಳಿಗೆಯನ್ನು ಹುಡುಕುತ್ತಿತ್ತು. ಆರ್ಥರ್ ವಾಲ್ಪೋಲ್ ಮತ್ತು ಹಾರ್ಪರ್ ಇಲಿಗಳಿಗೆ ಕೊಟ್ಟು ನೋಡಿದಾಗ ಗರ್ಭ ನಿಲ್ಲಲಿಲ್ಲ. ಪುಸ್ತಕ ಹೇಳುವುದು ಇಷ್ಟನ್ನು.

ಪುಸ್ತಕದ ಮುಂದಿನ ಪುಟವನ್ನೂ ಓದಬೇಕಾಗಿತ್ತು. ಇದೇ ಔಷಧ ಇಲಿಯಲ್ಲಿ ಈಸ್ಟ್ರೋಜನ್ನನ್ನು ತಡೆದರೆ, ಚಿಟ್ಟಿಲಿಯಲ್ಲಿ ಈಸ್ಟ್ರೋಜನ್ನಂತೆಯೇ ಕೆಲಸ ಮಾಡಿತು! ಎರಡೂ ಒಂದೇ ಬಳಗದ ಪ್ರಾಣಿಗಳು, ಫಲ ಮಾತ್ರ ತಿರುಗುಮುರುಗು. ಹೆಂಗಸರಲ್ಲಿ ಇನ್ನೂ ಆಶ್ಚರ್ಯ. ಅಲ್ಲಿ ಅದು ಅಂಡಾಣುವಿನ ಬಿಡುಗಡೆಯನ್ನು ನಿಲ್ಲಿಸುವುದರ ಬದಲು ಪ್ರಚೋದಿಸಿತು. ಗರ್ಭ ತಡೆಯುವ ಗುಳಿಗೆಯಾಗಿ ಅದು ಪೂರ್ತಿ ಸೋತಿತು.

ಕ್ಲೋಮಿಫೀನ್ ಎಂಬ ಅದರ ಅಣ್ಣನ ಕಥೆಯೂ ಹೀಗೆಯೇ. ಇಲಿಯಲ್ಲಿ ಅಂಡಾಣುವಿನ ಬಿಡುಗಡೆಯನ್ನು ತಡೆದ ಆ ಔಷಧ, 1961ರಿಂದ ಮಕ್ಕಳಿಲ್ಲದ ಹೆಂಗಸರಲ್ಲಿ ಅಂಡಾಣು ಬಲಿಯುವಂತೆ ಮಾಡತೊಡಗಿತು. ಹೆಂಗಸಿನ ದೇಹದಲ್ಲಿ ಈಸ್ಟ್ರೋಜನ್ ಸಾಕಷ್ಟಿದ್ದಾಗ ಮಿದುಳು ಅಂಡಾಶಯಕ್ಕೆ ಕೊಡುವ ಚುರುಕನ್ನು ಕಡಿಮೆ ಮಾಡುತ್ತದೆ. ಸುಳ್ಳು ಕೈ ಬಿದ್ದಾಗ ಈಸ್ಟ್ರೋಜನ್ ಇಲ್ಲವೆಂದು ಮಿದುಳು ತಿಳಿದು ಹೆಚ್ಚು ಚುರುಕು ಕೊಡುತ್ತದೆ. ಹೀಗೆ ಅಂಡಾಣು ಬಲಿಯುತ್ತದೆ. ಬೆದೆಗೆ ಬಾರದ ಹಸುಗಳಿಗೆ ನಮ್ಮ ಪಶುವೈದ್ಯರು ಕೆಲವೊಮ್ಮೆ ಕೊಡುವ ಮಾತ್ರೆಯೂ ಈ ಕ್ಲೋಮಿಫೀನೇ.

ಇದರಿಂದ ನಾವು ಕಲಿಯಬೇಕಾದ ಪಾಠವೇನು? ಇಲಿಯಲ್ಲಿ ಕಂಡದ್ದು ಒಂದು ಸುಳಿವು ಮಾತ್ರ. ಅದನ್ನೇ ಹೆಂಗಸಿನ ಮೇಲೆ ತೀರ್ಪಾಗಿ ಹೇರಬಾರದು.

7. ಹಸುವಿನ ಹಟ್ಟಿಯಿಂದ ಆಸ್ಪತ್ರೆಗೆ

ಹಾಗಾದರೆ ಟಮಾಕ್ಸಿಫೆನ್ ಕ್ಯಾನ್ಸರಿಗೆ ಹೇಗೆ ಬಂತು? ಈ ಕಥೆಯ ಬೇರು ದನ ಸಾಕುವವರಲ್ಲೇ ಇದೆ. ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಎಂಬ ವೈದ್ಯರು ಹಾಲೂಡಿಕೆಯ ಬಗ್ಗೆ ಅಧ್ಯಯನ ಮಾಡುವಾಗ ಒಂದು ಸಂಗತಿ ತಿಳಿದರು. ಕೆಲವು ನಾಡುಗಳಲ್ಲಿ ಕರು ಹಾಕಿದ ಹಸುವಿನ ಅಂಡಾಶಯ ತೆಗೆಸಿ, ಹಾಲು ಬತ್ತದಂತೆ ಮಾಡುವ ರೂಢಿಯಿತ್ತು. ಹಾಗಾದರೆ ಅಂಡಾಶಯಕ್ಕೂ ಕೆಚ್ಚಲಿಗೂ ಏನೋ ಸಂಬಂಧವಿದೆ ಎಂದು ಅವರು ಯೋಚಿಸಿದರು. ಸ್ತನದ ಕ್ಯಾನ್ಸರ್ ಬಲಿತಿದ್ದ ಹೆಂಗಸಿನ ಅಂಡಾಶಯಗಳನ್ನು ತೆಗೆದಾಗ ಗಂಟು ಕುಗ್ಗಿತು. 1896ರಲ್ಲಿ ಅವರು ಇದನ್ನು ಪ್ರಕಟಿಸಿದರು. ಈಸ್ಟ್ರೋಜನ್ ಎಂಬ ಹೆಸರೇ ಆಗ ಇರಲಿಲ್ಲ.

ಮುಂದೆ ಜೆನ್ಸನ್ ಬೀಗವನ್ನು ಕಂಡುಹಿಡಿದಾಗ ವಿಷಯ ಸ್ಪಷ್ಟವಾಯಿತು. ಅನೇಕ ಸ್ತನ ಕ್ಯಾನ್ಸರುಗಳಲ್ಲಿ ಈಸ್ಟ್ರೋಜನ್ನಿನ ಬೀಗಗಳಿರುತ್ತವೆ. ಈಸ್ಟ್ರೋಜನ್ನೇ ಅವುಗಳ ಗೊಬ್ಬರ. ಅಂಡಾಶಯ ತೆಗೆಯುವ ಬದಲು ಬೀಗಕ್ಕೆ ಸುಳ್ಳು ಕೈ ತೂರಿಸಿದರೆ ಸಾಲದೇ? 1971ರಲ್ಲಿ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಮೇರಿ ಕೋಲ್ ಮತ್ತು ಸಂಗಡಿಗರು ಬಲಿತ ಕ್ಯಾನ್ಸರಿದ್ದವರಿಗೆ ಟಮಾಕ್ಸಿಫೆನ್ ಕೊಟ್ಟ ಫಲವನ್ನು ಪ್ರಕಟಿಸಿದರು. ಕೆಲವರಲ್ಲಿ ಗಂಟು ಕುಗ್ಗಿತ್ತು. 1973ರಲ್ಲಿ ಬ್ರಿಟನ್ನಿನಲ್ಲೂ 1977ರಲ್ಲಿ ಅಮೆರಿಕದಲ್ಲೂ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇಲಿಗಳಲ್ಲಿ ಸ್ತನದ ಗಂಟನ್ನು ತಡೆಯುವ ಕ್ರೇಗ್ ಜೋರ್ಡನ್ನರ ಪ್ರಯೋಗಗಳು, ಈ ಔಷಧವನ್ನು ಶಸ್ತ್ರಚಿಕಿತ್ಸೆಯ ನಂತರ ದೀರ್ಘಕಾಲ ಕೊಡಲು ದಾರಿ ಮಾಡಿದವು.

ಸಾವಿರಾರು ಹೆಂಗಸರ ದಾಖಲೆಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಬೀಗವಿರುವ ಕ್ಯಾನ್ಸರಿನಲ್ಲಿ ಐದು ವರ್ಷ ಟಮಾಕ್ಸಿಫೆನ್ ನುಂಗಿದರೆ, ಮೊದಲ 15 ವರ್ಷಗಳಲ್ಲಿ ಆ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಅದರ ರಕ್ಷಣೆ ಉಳಿಯುತ್ತದೆ. ಅಕ್ಕಿ ಡಬ್ಬದಲ್ಲಿ ಬಿದ್ದಿದ್ದದ್ದು ಇಂಥ ಮಾತ್ರೆ!

ಇದಕ್ಕೆ ಅಡ್ಡ ಪರಿಣಾಮಗಳೂ ಇವೆ. ಮೈ ಬಿಸಿಯೇರಿ ಬೆವರುವುದು, ಮುಟ್ಟು ಏರುಪೇರಾಗುವುದು ಸಾಮಾನ್ಯ. ಗರ್ಭಕೋಶದಲ್ಲಿ ಇದು ಸ್ವಲ್ಪ ಈಸ್ಟ್ರೋಜನ್ನಂತೆ ನಡೆಯುತ್ತದೆಂದು ಹೇಳಿದೆನಲ್ಲ, ಆದ್ದರಿಂದ ಕೆಲವರಲ್ಲಿ, ಮುಖ್ಯವಾಗಿ ಮುಟ್ಟು ನಿಂತವರಲ್ಲಿ, ಗರ್ಭಕೋಶದ ಒಳಪದರಿನ ಕ್ಯಾನ್ಸರಿನ ಅಪಾಯ ಹೆಚ್ಚು. ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಬಹುದು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಒಂದು ಕಾಲು ಊದಿ ನೋವಾದರೆ, ಎದೆನೋವು, ಉಸಿರುಗಟ್ಟುವಿಕೆ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

8. ದಾಸವಾಳವೂ ಕುದುರೆ ಮಸಾಲೆಯೂ

“ಇಂಗ್ಲಿಷ್ ಔಷಧ ಬೇಡ, ಗಿಡಮೂಲಿಕೆ ಸಾಕು, ಅದರಿಂದ ಏನೂ ಆಗೋದಿಲ್ಲ” ಎನ್ನುವವರಿಗೂ ಇಲಿಗಳು ಒಂದು ಪಾಠ ಹೇಳುತ್ತವೆ. ದಾಸವಾಳದ ಹೂವು ಗರ್ಭ ತಡೆಯುತ್ತದೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಹಳೆಯದು. ಗುಲ್ಬರ್ಗಾ ವಿಶ್ವವಿದ್ಯಾಲಯದ ಸಂಶೋಧಕರು ಆ ಹೂವಿನ ಸಾರವನ್ನು ಬೆಂಜೀನಿನಲ್ಲಿ ತೆಗೆದು ಬಿಳಿ ಚಿಟ್ಟಿಲಿಗಳಿಗೆ ಚುಚ್ಚಿ ನೋಡಿ, 1997ರಲ್ಲಿ ಫಲವನ್ನು ಪ್ರಕಟಿಸಿದರು. ಚಕ್ರ ಕೆಟ್ಟಿತು, ಬೆದೆಯ ಹಂತ ಉದ್ದವಾಯಿತು, ಅಂಡಾಶಯದಲ್ಲಿ ಪೀತಪಿಂಡಗಳಿರಲಿಲ್ಲ. ಆದರೆ ಪ್ರಾಯಕ್ಕೆ ಬಾರದ ಮರಿಗಳಲ್ಲಿ ಗರ್ಭಕೋಶದ ತೂಕ ಏರಿತು. ಅಂದರೆ ಆ ಸಾರ ಈಸ್ಟ್ರೋಜನ್ನನ್ನು ತಡೆಯುತ್ತಿರಲಿಲ್ಲ, ಈಸ್ಟ್ರೋಜನ್ನಂತೆಯೇ ಕೆಲಸ ಮಾಡುತ್ತಿತ್ತು! ಚಕ್ರ ನಿಂತದ್ದನ್ನು ಮಾತ್ರ ನೋಡಿದ್ದರೆ ಈ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ತಲೆಗೆ ಮುಡಿದ ಹೂವಿಗೆ ಹೆದರಬೇಕಾಗಿಲ್ಲ. ಆದರೆ ಸ್ತನ ಕ್ಯಾನ್ಸರಿಗೆ ಮಾತ್ರೆ ನುಂಗುವವರು ಡಾಕ್ಟರಿಗೆ ಹೇಳದೆ ಕಷಾಯ, ಲೇಹ್ಯ, ಪುಡಿ ತೆಗೆದುಕೊಳ್ಳಬಾರದು. ಬೀಗವನ್ನು ತಡೆಯಲು ಒಂದು ಕೈಯಿಂದ ಮಾತ್ರೆ ನುಂಗಿ, ಇನ್ನೊಂದು ಕೈಯಿಂದ ಅದೇ ಬೀಗ ತೆರೆಯುವ ವಸ್ತು ಕುಡಿದರೆ ಏನು ಪ್ರಯೋಜನ?

ರೈತರಿಗೂ ಒಂದು ಮಾತು. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಎಂಬ ಒಂದು ಜಾತಿಯ ಮೇವು ಮೇಯುತ್ತಿದ್ದ ಕುರಿಗಳು ಗಬ್ಬವಾಗುವುದೇ ಕಡಿಮೆಯಾಯಿತು. ಆ ಸೊಪ್ಪಿನಲ್ಲಿ ಈಸ್ಟ್ರೋಜನ್ನನ್ನು ಹೋಲುವ ವಸ್ತುಗಳಿದ್ದವು ಎಂದು ನಂತರ ತಿಳಿಯಿತು. ನಮ್ಮ ಕೊಯಮತ್ತೂರು, ತಿರುಪ್ಪೂರು ಕಡೆ ಬೆಳೆಯುವ ಕುದುರೆ ಮಸಾಲೆ ಸೊಪ್ಪಿನಲ್ಲೂ ಕೌಮೆಸ್ಟ್ರಾಲ್ ಎಂಬ ಅಂಥ ವಸ್ತುವಿದೆ. ಎಲೆಗೆ ಚುಕ್ಕೆ ರೋಗ, ಹುಳುವಿನ ಕಾಟ ಬಿದ್ದರೆ ಅದು ಹೆಚ್ಚುತ್ತದೆ. ಕುದುರೆ ಮಸಾಲೆ ಒಳ್ಳೆಯ ಮೇವು, ಬಿಡಬೇಕಾಗಿಲ್ಲ. ಜೋಳದ ದಂಟು, ಒಣಹುಲ್ಲು ಬೆರೆಸಿ ಕೊಡಿ. ರೋಗ ಬಿದ್ದ ಸೊಪ್ಪನ್ನೇ ದಿನಾ ಹೊಟ್ಟೆ ತುಂಬ ಹಾಕಬೇಡಿ. ಹಸು ಸಲಸಲವೂ ತಿರುಗಿ ಬೆದೆಗೆ ಬರುತ್ತಿದ್ದರೆ ಮೇವಿನ ವಿಷಯವನ್ನೂ ಪಶುವೈದ್ಯರಿಗೆ ತಿಳಿಸಿ.

9. ಧರ್ಮಸಭೆಯ ಬೋಧನೆ

ಜಗದ್ಗುರು ಆರನೇ ಪೌಲರು 1968ರ ಜುಲೈ 25ರಂದು ‘ಹ್ಯೂಮಾನೆ ವೀಟೆ’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಕೃತಕ ಸಂತಾನ ನಿಯಂತ್ರಣ ಸರಿಯಲ್ಲವೆಂದು ಅದರಲ್ಲಿ ಬರೆದಿರುವುದು ಎಲ್ಲರಿಗೂ ಗೊತ್ತು. ಅದರ 15ನೇ ಪರಿಚ್ಛೇದವನ್ನು ಓದಿದವರು ಕಡಿಮೆ. ದೇಹದ ಕಾಯಿಲೆಯನ್ನು ಗುಣಪಡಿಸಲು ನಿಜವಾಗಿ ಬೇಕಾದ ಚಿಕಿತ್ಸೆಯಿಂದ ಸಂತಾನಶಕ್ತಿಗೆ ಅಡ್ಡಿಯಾಗುವುದೆಂದು ಮೊದಲೇ ತಿಳಿದಿದ್ದರೂ, ಆ ಅಡ್ಡಿಯನ್ನೇ ಉದ್ದೇಶವಾಗಿ ಬಯಸದಿದ್ದರೆ, ಅಂಥ ಚಿಕಿತ್ಸೆಯನ್ನು ಧರ್ಮಸಭೆ ನಿಷೇಧಿಸುವುದಿಲ್ಲ ಎಂಬುದು ಅದರ ಸಾರ.

ಆದ್ದರಿಂದ ಆ ತಾಯಿಗೆ ನಾನು ಹೇಳಿದ್ದು ಇಷ್ಟು: “ಅಮ್ಮಾ, ಈ ಮಾತ್ರೆ ಗರ್ಭ ತಡೆಯುವ ಮಾತ್ರೆಯೇ ಅಲ್ಲ. ಹಾಗೆ ತಡೆದರೂ ಕ್ಯಾನ್ಸರಿಗಾಗಿ ನುಂಗುವುದು ಪಾಪವಲ್ಲ. ದೇವರು ಕೊಟ್ಟ ಜೀವ ಕಾಪಾಡಿಕೊಳ್ಳುವುದು ನಿಮ್ಮ ಕರ್ತವ್ಯ. ಪರಮಪ್ರಸಾದಕ್ಕೆ ಧಾರಾಳವಾಗಿ ಬನ್ನಿ. ಅದಕ್ಕೆ ಮುಂಚೆ ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ.” ಸಿರಾಕನ ಗ್ರಂಥದ 38ನೇ ಅಧ್ಯಾಯವನ್ನು ಮನೆಯಲ್ಲಿ ಓದಿ. ವೈದ್ಯನನ್ನು ಗೌರವಿಸಬೇಕು, ಔಷಧವನ್ನು ತಿರಸ್ಕರಿಸಬಾರದು ಎಂಬ ಉಪದೇಶ ಅಲ್ಲಿದೆ.

ಮಕ್ಕಳಾಗುವ ವಯಸ್ಸಿನ ದಂಪತಿಗಳು ಇನ್ನೊಂದನ್ನು ಗಮನಿಸಬೇಕು. ಟಮಾಕ್ಸಿಫೆನ್ ಗರ್ಭ ತಡೆಯುವುದಿಲ್ಲ, ಆದರೆ ಅದನ್ನು ನುಂಗುವಾಗ ಗರ್ಭ ನಿಂತರೆ ಮಗುವಿಗೆ ಹಾನಿಯಾಗಬಹುದು. ಮುಟ್ಟು ಬಂದಿಲ್ಲವೆಂದು ಅಂಡಾಣು ಇಲ್ಲ ಎಂದುಕೊಳ್ಳಬೇಡಿ. ಈ ಮಾತ್ರೆಯಿಂದ ಮುಟ್ಟೂ ಲೋಳೆಯ ಗುರುತುಗಳೂ ಏರುಪೇರಾಗುವುದರಿಂದ ಸ್ವಾಭಾವಿಕ ವಿಧಾನದಲ್ಲಿ ಮನೆಯಲ್ಲೇ ದಿನ ಎಣಿಸಿ ನಂಬಿ ಕೂರುವಂತಿಲ್ಲ. ಗಂಡ ಹೆಂಡತಿ ಇಬ್ಬರೂ ಡಾಕ್ಟರ ಮುಂದೆ ನಾಚಿಕೆ ಬಿಟ್ಟು ಮಾತಾಡಬೇಕು. ಮನಸ್ಸಾಕ್ಷಿಯ ಸಂಶಯವಿದ್ದರೆ ಗುರುಗಳ ಬಳಿಗೂ ಬನ್ನಿ. ಮಗು ಬೇಕೆನ್ನುವವರಿಗೂ ದಾರಿ ಇಲ್ಲದಿಲ್ಲ. ಒಂದೂವರೆ ವರ್ಷದಿಂದ ಎರಡೂವರೆ ವರ್ಷದವರೆಗೆ ಇಂಥ ಚಿಕಿತ್ಸೆ ಪಡೆದು, ಡಾಕ್ಟರ ನಿಗಾದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ ಗರ್ಭ ಧರಿಸಿದ ಹೆಂಗಸರಲ್ಲಿ, ಮೊದಲ ಕೆಲವು ವರ್ಷಗಳ ಮಟ್ಟಿಗೆ ಕ್ಯಾನ್ಸರ್ ಮರುಕಳಿಸುವುದು ಹೆಚ್ಚಲಿಲ್ಲವೆಂದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ತಿಳಿಸಿದೆ. ಆದರೆ ನಾವೇ ನಿಲ್ಲಿಸಬಾರದು.

ಇಲಿಗಳ ವಿಷಯದಲ್ಲೂ ಧರ್ಮಸಭೆಗೆ ಮಾತಿದೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2417ನೇ ಪರಿಚ್ಛೇದದ ಪ್ರಕಾರ, ಮನುಷ್ಯರ ಪ್ರಾಣ ಉಳಿಸಲು ನೆರವಾಗುವ ಪ್ರಾಣಿ ಪ್ರಯೋಗಗಳು ಮಿತಿಯಲ್ಲಿದ್ದರೆ ಒಪ್ಪತಕ್ಕವು. ಆದರೆ ಅವುಗಳನ್ನು ಸುಮ್ಮನೆ ನರಳಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ನಮ್ಮ ಮಕ್ಕಳು ಇದನ್ನು ನೆನಪಿಡಲಿ.

10. ನೆನಪಿಡಬೇಕಾದ ಮಾತುಗಳು

1. ಕ್ಯಾನ್ಸರಿನ ಮಾತ್ರೆಯನ್ನು ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ, ನಿಮ್ಮ ಸ್ವಾಮಿಗಳ ಮಾತು ಕೇಳಿಯೂ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ.

2. ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ. ಮನಸ್ಸಿನ ಬೇಸರಕ್ಕೆ ಕೊಡುವ ಕೆಲವು ಮಾತ್ರೆಗಳು ಟಮಾಕ್ಸಿಫೆನ್ನಿನ ಶಕ್ತಿ ಕುಗ್ಗಿಸುತ್ತವೆ.

3. ಹೆಸರು, ತಾರೀಖು ಇಲ್ಲದ ಮಾತ್ರೆ ನುಂಗಬೇಡಿ. ತಮಿಳುನಾಡಿನ ಬಟ್ಟೆ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳಿಗೆ ಮುಟ್ಟಿನ ನೋವಿಗೆ ಹೆಸರಿಲ್ಲದ ಮಾತ್ರೆ ಕೊಡುತ್ತಿದ್ದರೆಂಬ ವರದಿ 2019ರಲ್ಲಿ ಬಂದಿತ್ತು. ಕೆಲಸಕ್ಕೆ ಹೋಗುವ ನಮ್ಮ ಮಕ್ಕಳಿಗೆ ಇದನ್ನು ತಿಳಿಸಿ. ಏನೆಂದು ಕೇಳುವ ಹಕ್ಕು ಅವರಿಗಿದೆ.

4. ಸ್ತನದಲ್ಲಿ ಗಂಟು ಸಿಕ್ಕಿದರೆ ನೋವಿಲ್ಲವೆಂದು ಸುಮ್ಮನಿರಬೇಡಿ. ಮೊದಮೊದಲು ಅದು ನೋಯದೆಯೂ ಇರುತ್ತದೆ.

5. ಪ್ರಾರ್ಥನಾ ಕೂಟಗಳಲ್ಲಿ ಔಷಧದ ಬಗ್ಗೆ ತೀರ್ಪು ಕೊಡಬೇಡಿ. ಕಾಯಿಲೆಯವರಿಗಾಗಿ ಜಪಸರ ಪ್ರಾರ್ಥಿಸಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಅದೇ ದೊಡ್ಡ ಸಹಾಯ.

ಆ ತಾಯಿ ಮಾರನೆಯ ದಿನವೇ ಡಾಕ್ಟರ ಬಳಿಗೆ ಹೋದರು. ಬೈಗುಳವನ್ನೂ ಕೇಳಿದರು, ಮಾತ್ರೆಯನ್ನೂ ಮತ್ತೆ ಶುರು ಮಾಡಿದರು. ನಿಂತುಹೋದ ತಿಂಗಳುಗಳ ನಷ್ಟವನ್ನು ಅಳೆಯುವುದು ನಮ್ಮ ಕೈಯಲ್ಲಿಲ್ಲ, ಅವರಿಗಾಗಿ ಪ್ರಾರ್ಥಿಸೋಣ. ಈಗ ಮಾತ್ರೆಯ ಪಟ್ಟಿ ಅಕ್ಕಿ ಡಬ್ಬದಲ್ಲಿ ಇಲ್ಲ, ಮಾತೆ ಮರಿಯಮ್ಮನವರ ಪಟದ ಕೆಳಗೆ ದೀಪದ ಪಕ್ಕದಲ್ಲಿದೆಯಂತೆ. ಸಂಜೆಯ ಪ್ರಾರ್ಥನೆ ಮುಗಿದ ಕೂಡಲೇ ಮಗಳೇ ನೀರು ತಂದು ಕೊಡುತ್ತಾಳೆ.

ಪ್ರಭು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.

ನಿಮ್ಮ ಧರ್ಮಕೇಂದ್ರದ ಗುರುಗಳು